ಖಾಲಿ ಬಿಟ್ಟ ಜಾಗಕ್ಕೆ ಬಂದ ದನಿ

ನನ್ನದೇ ದನಿ ಒಮ್ಮೆ ನನ್ನನ್ನು ಗೇಟಿನಲ್ಲಿ ತಡೆದು ನಿಲ್ಲಿಸಿತು. ಹೇಳಿದರೆ ಜನ ನಗುತ್ತಾರೆ. ನಗಲಿ, ನನಗೇನು.

ಸಹಕಾರನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಗೆಳತಿಯ ಸೀಮಂತವಿತ್ತು. ಒಂದು ಕೈಯಲ್ಲಿ ಹೂವು, ಇನ್ನೊಂದರಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದು ಗೇಟಿನ ಗೋಡೆಗೆ ಕೂರಿಸಿದ್ದ ಕಪ್ಪು ಪೆಟ್ಟಿಗೆಯ ಮುಂದೆ ನಿಂತೆ. “ನಮಸ್ಕಾರ. ಯಾರ ಮನೆಗೆ ಬಂದಿದ್ದೀರಿ?” ಎಂದು ಅದು ಕೇಳಿತು. ನಾನು ಮನೆ ನಂಬರು ಹೇಳಿದೆ. “ಕ್ಷಮಿಸಿ, ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿ” ಎಂದಿತು. ಇನ್ನೊಮ್ಮೆ ಹೇಳಿದೆ. ಮತ್ತೆ ಅದೇ ಮಾತು. ಮೂರನೆಯ ಸಲ ಗಂಟಲು ಹರಿಯುವಷ್ಟು ಬಲವಾಗಿ ಹೇಳಿದೆ. ಅದಕ್ಕೂ ಕ್ಷಮೆ ಕೇಳಿತು. ಹಿಂದೆ ಕಾಯುತ್ತಿದ್ದ ಕೊರಿಯರ್‌ನವನು, ಬಿಡಿ ಮೇಡಂ ನಾನ್ ಹೇಳ್ತೀನಿ ಅಂದು ನಂಬರು ಒದರಿದ. ಪೆಟ್ಟಿಗೆ ತಕ್ಷಣ “ಒಳಗೆ ಬನ್ನಿ” ಎಂದಿತು. ಆ ಪೆಟ್ಟಿಗೆಯಲ್ಲಿದ್ದ ಹೆಣ್ಣು ದನಿ ಆರು ವರ್ಷದ ಹಿಂದಿನ ನಾನು.

ಅದನ್ನು ಕೊರಿಯರ್‌ನವನಿಗೆ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಥೈರಾಯ್ಡಿನ ಗಂಟು ತೆಗೆಸಿಕೊಂಡೆ. ದನಿಯ ನರ ಆ ಗಂಟಿಗೇ ಅಂಟಿಕೊಂಡಿತ್ತು. ಹೀಗಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಯಾರದ್ದೂ ತಪ್ಪಲ್ಲ. ಎಚ್ಚರವಾದಾಗ ನನ್ನ ಬಾಯಿಂದ ಬಂದದ್ದು ತಗಡಿನ ಮೇಲೆ ಮೊಳೆ ಎಳೆದ ಸದ್ದು. ಇವತ್ತಿಗೂ ಅಷ್ಟೇ. ನೋಡಿದವರೆಲ್ಲ ಗಂಟಲು ಕೂತಿದ್ಯಾ ಎಂದು ಕೇಳಿ, ಮೆಣಸಿನ ಕಷಾಯ, ಜೇಷ್ಠಮಧು, ಬಿಸಿನೀರಿಗೆ ಉಪ್ಪು ಎಂದು ಒಂದೊಂದು ಔಷಧಿ ಹೇಳುತ್ತಾರೆ. ಮೊದಲ ವರ್ಷ ವಿವರಿಸುತ್ತಿದ್ದೆ. ಈಗ ಹೂಂ ಅಂದು ಮುಂದೆ ಹೋಗುತ್ತೇನೆ.

ನಾನು ಗದಗಿನ ಕಡೆಯವಳು. ಗಂಡನೂ ಅಲ್ಲಿಯವನೇ, ಗೊರಗುಂಟೆಪಾಳ್ಯದ ಹತ್ತಿರ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ. ನಮ್ಮ ಮನೆ ಅಮೃತಹಳ್ಳಿಯಲ್ಲಿ. ನಾನು ಕೆಲಸ ಮಾಡುವ ಸಣ್ಣ ಕಂಪನಿ ಯಲಹಂಕದಲ್ಲಿದೆ, ಗೇಟುಗಳಿಗೆ ಇಂಥ ಮಾತಾಡುವ ಪೆಟ್ಟಿಗೆ ಮಾಡಿಕೊಡುತ್ತದೆ. ಶುರುವಿನಲ್ಲಿ ನಾವು ಐದೇ ಜನ. ದನಿ ಕೊಡುವವರನ್ನು ಹೊರಗಿನಿಂದ ಕರೆಸಲು ಹಣವಿಲ್ಲದೆ ನಮ್ಮ ಬಾಸು ನನ್ನನ್ನೇ ಕೂರಿಸಿದರು. ನಿಮ್ಮ ದನಿ ಗಂಟೆ ಹೊಡೆದಂಗಿದೆ ಮೇಡಂ, ಆದ್ರೆ ನಿಮ್ಮ ಭಾಷೆ ಗೇಟಿಗಾಗಲ್ಲ ಎಂದರು. ಸದ್ದು ಮಾರ್ದನಿಸದಿರಲಿ ಎಂದು ಕೋಣೆಯ ಗೋಡೆಗಳಿಗೆ ಕಂಬಳಿ ತೂಗುಹಾಕಿ, ಅದರ ನಡುವೆ ನಾನು ಐದು ತಿಂಗಳ ಬಸುರಿ ಬೆವರುತ್ತಾ ಕೂತು, ಬರ್ರಿ ಎನ್ನುವ ಬಾಯಿಗೆ ಬನ್ನಿ ಎನ್ನುವುದನ್ನು ಕಲಿಸಿದೆ. ಒಂದು ಬನ್ನಿಗೆ ಹತ್ತು ಸಲ. ಊರಿಂದ ಬಂದಿದ್ದ ಅತ್ತೆ ಇದನ್ನು ಕೇಳಿ, ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ನಕ್ಕಿದ್ದರು.

ಸಂಜೆ ಹೊತ್ತಿಗೆ ಕೊನೆಯ ವಾಕ್ಯ ಮುಗಿಯಿತು. ಶಿಫ್ಟು ಮುಗಿಸಿ ಕರೆದುಕೊಂಡು ಹೋಗಲು ಬಂದಿದ್ದ ಗಂಡ ಬಾಗಿಲಲ್ಲಿ ಇಣುಕಿದ. ನಾನು ಹೆಡ್‌ಫೋನ್ ಕಿತ್ತಿಟ್ಟು ಅವನಿಗೆ ಹೇಳಿದೆ: “ಸಾಕಾತ್ರೀ ನನಗ. ಹಸಿವಿ ಆಗೇತಿ. ನಡೀರಿ, ಮನಿಗೆ ಹೋಗೂಣು.” ಮೈಕು ಆಫ್ ಆಗಿರಲಿಲ್ಲ. ಆ ಮಾತೂ ಒಂದು ಫೈಲಾಗಿ ಉಳಿಯಿತು. ಅದಕ್ಕೆ ನಾನು ಟೆಸ್ಟ್ ಎಂದು ಹೆಸರಿಟ್ಟು ಬದಿಗೆ ಸರಿಸಿ ಮರೆತೆ.

ಕಂಪನಿಯಲ್ಲಿ ನನ್ನ ನಿಜವಾದ ಕೆಲಸ ದನಿ ಕೊಡುವುದಲ್ಲ. ಅದೇನೆಂದು ಅತ್ತೆಗೆ ಹೇಳಿಕೊಟ್ಟ ರೀತಿಯಲ್ಲೇ ಇಲ್ಲೂ ಹೇಳುತ್ತೇನೆ, ಅವರಿಗೆ ತಿಳಿದ ಮೇಲೆ ಯಾರಿಗಾದರೂ ತಿಳಿಯುತ್ತದೆ. ಪ್ರತಿ ಪೆಟ್ಟಿಗೆಯೊಳಗೂ ಒಂದು ಪುಟ್ಟ ಕಂಪ್ಯೂಟರ್ ಇದೆ. ಒಂದೊಂದನ್ನೂ ಎದುರು ಕೂರಿಸಿಕೊಂಡು ಮೊದಲಿಂದ ತುಂಬುತ್ತಾ ಹೋದರೆ ಜನ್ಮ ಸಾಲದು. ಅದಕ್ಕೆ ಎಲ್ಲವನ್ನೂ ತುಂಬಿಸಿದ ಒಂದು ಪೂರ್ತಿ ಪ್ರತಿಯನ್ನು ಮೊದಲೇ ಕಟ್ಟಿ ಇಡುತ್ತೇವೆ. ಅದು ಇಮೇಜ್. ಅದನ್ನು ಹೇಗೆ ಕಟ್ಟಬೇಕೆಂದು ಬರೆದಿಟ್ಟ ಕಡತ ಟೆಂಪ್ಲೇಟ್. ಮದುವೆ ಕಾಗದ ಅಚ್ಚು ಹಾಕಿಸುವಾಗ ಕರೆಯುವವರ ಹೆಸರಿಗೆ ಜಾಗ ಖಾಲಿ ಬಿಡುತ್ತೇವಲ್ಲ, ಟೆಂಪ್ಲೇಟಿನಲ್ಲೂ ಹಾಗೆ ಖಾಲಿ ಜಾಗಗಳಿರುತ್ತವೆ: ಅಪಾರ್ಟ್‌ಮೆಂಟಿನ ಹೆಸರು, ಗೇಟಿನ ಹೆಸರು, ಭಾಷೆ. ಇವು ವೇರಿಯಬಲ್‌ಗಳು. ಕಟ್ಟುವ ದಿನ ಅವನ್ನು ತುಂಬಿದರೆ ಸಾಕು, ಉಳಿದದ್ದು ತಾನಾಗಿ ನಡೆಯುತ್ತದೆ.

ಇನ್ನು ಫಂಕ್ಷನ್. ಅದು ಹೇಳಿದಷ್ಟನ್ನೇ ಮಾಡುವ ಆಳು. ಒಂದು ಫಂಕ್ಷನ್ ಹೆಸರುಗಳನ್ನು ಜೋಡಿಸುತ್ತದೆ. ಇನ್ನೊಂದು ಇಮೇಜ್ ಕಟ್ಟಿದ ಗಳಿಗೆಯನ್ನು ಬರೆಯುತ್ತದೆ, ನನ್ನ ಅತ್ತೆ ಅದಕ್ಕೆ ಜಾತಕ ಎನ್ನುತ್ತಿದ್ದರು. ಮತ್ತೊಂದು ಹುಡುಕಿ ಕೊಡುವ ಫಂಕ್ಷನ್. ಅದಕ್ಕೆ ಮೂರು ಸಂಗತಿ ಹೇಳಬೇಕು. ಯಾವ ಪಟ್ಟಿಯಲ್ಲಿ ಹುಡುಕಬೇಕು, ಯಾವ ಹೆಸರನ್ನು ಹುಡುಕಬೇಕು, ಸಿಗದಿದ್ದರೆ ಬದಲಿಗೆ ಏನು ಕೊಡಬೇಕು. ಯಾವ ಗೇಟು ಯಾವ ಮಾತಾಡಬೇಕು ಎಂಬ ಪಟ್ಟಿಗೆ ನಾನು ಆ ಫಂಕ್ಷನ್ ಹಚ್ಚಿದ್ದೆ. ಬರೆಯುವಾಗ ಆ ಮೂರನೆಯ ಜಾಗಕ್ಕೆ ಏನಾದರೊಂದು ಬೇಕಿತ್ತು. ಎದುರಿಗೆ ಟೆಸ್ಟ್ ಎಂಬ ಫೈಲು ಕಂಡಿತು, ಅದನ್ನೇ ಹಾಕಿದೆ. ಆಮೇಲೆ ಸರಿಮಾಡಿದರಾಯಿತು ಅಂದುಕೊಂಡೆ. ಈ ಆಮೇಲೆ ಎಂಬುದು ನಮ್ಮ ಕಸುಬಿನಲ್ಲಿ ಬರುವುದೇ ಇಲ್ಲ.

ಹೀಗೆ ಆರು ವರ್ಷ ನಾನು ಕಟ್ಟಿದ ಪ್ರತಿ ಇಮೇಜಿನೊಳಗೂ ಆ ಮಾತು ಇತ್ತು. ಹೆಬ್ಬಾಳದಲ್ಲಿ, ಆರ್.ಟಿ. ನಗರದಲ್ಲಿ, ಯಶವಂತಪುರದಲ್ಲಿ ಎಷ್ಟೋ ಗೇಟುಗಳು ಬೆಳಗಿಂದ ಸಂಜೆಯವರೆಗೆ ನನ್ನ ದನಿಯಲ್ಲಿ ನಮಸ್ಕಾರ ಹೇಳುತ್ತಿದ್ದವು, ಹಸಿವಾಗಿದೆ ಮನೆಗೆ ಹೋಗೋಣ ಎಂಬ ಮಾತು ಅವುಗಳ ಹೊಟ್ಟೆಯಲ್ಲಿ ಸುಮ್ಮನೆ ಕೂತಿತ್ತು. ಯಾರೂ ಯಾವ ಜಾಗವನ್ನೂ ಖಾಲಿ ಬಿಡದ ಕಾರಣ ಅದು ಹೊರಗೆ ಬರಲಿಲ್ಲ.

ಈಗ ಮಗಳ ವಿಷಯ ಹೇಳಬೇಕು. ಇದನ್ನು ಹೇಳಲು ನನಗೆ ಕಷ್ಟ. ಆಪರೇಷನ್ ಆದಾಗ ಅವಳಿಗೆ ಒಂದೂವರೆ ವರ್ಷ. ಮೂರು ತಿಂಗಳ ನಂತರ ಒಂದು ಮಧ್ಯಾಹ್ನ ಅವಳು ನನ್ನ ಮೊಬೈಲಿನಲ್ಲಿ ಹಳೆಯ ವಿಡಿಯೋ ನೋಡುತ್ತಿದ್ದಳು. ಅದರಲ್ಲಿ ನಾನು ಹಾಡುತ್ತಾ ಅವಳಿಗೆ ಅನ್ನ ಉಣಿಸುತ್ತಿದ್ದೆ. ಪಕ್ಕದಲ್ಲೇ ಕೂತು ಅವಳನ್ನು ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ಅವಳು ಆ ಸದ್ದಿಗೆ ಮುಖ ಸಿಂಡರಿಸಿ ಮೊಬೈಲನ್ನು ಕಿವಿಗೆ ಒತ್ತಿಕೊಂಡಳು. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಮೊದಲೆಲ್ಲ ಕೂಗಾಡಿ ತೀರಿಸಿಕೊಳ್ಳುತ್ತಿದ್ದೆ, ಈಗ ಕೂಗಲು ದನಿ ಬೇಕಲ್ಲ, ಅದು ಕೈಗೆ ಇಳಿಯಿತು. ಅವಳ ಕೈಯಿಂದ ಮೊಬೈಲು ಕಿತ್ತುಕೊಂಡು ನನ್ನ ದನಿಯಿದ್ದ ವಿಡಿಯೋಗಳನ್ನೆಲ್ಲ ಅಳಿಸಿದೆ. ಸಂಜೆ ಗಂಡ ಬಂದು ಸ್ನಾನಕ್ಕೆ ಹೋದಾಗ ಅವನ ಮೊಬೈಲಿನದೂ ಅಳಿಸಿದೆ. ಅವನು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಬರಲಿಲ್ಲ.

ಅವಳು ದೊಡ್ಡವಳಾದಳು. ಆಟಕ್ಕೆ ಹೋದವಳನ್ನು ಕರೆಯಲು ನಾನು ಬಾಲ್ಕನಿಯಲ್ಲಿ ನಿಂತು ಸ್ಟೀಲ್ ತಟ್ಟೆಗೆ ಸೌಟು ಬಡಿಯುತ್ತೇನೆ. ಕಥೆ ಬೇಕೆಂದರೆ ಅವಳು ಅಪ್ಪನ ಮಗ್ಗುಲಿಗೆ ಹೋಗುತ್ತಾಳೆ. ಕಳೆದ ವರ್ಷ ಶಾಲೆಗೆ ಸೇರಿದಾಗ ಯಾವುದೋ ಮಗು ನನ್ನ ಮಾತು ಕೇಳಿ ದೆವ್ವ ಎಂದು ಅಳತೊಡಗಿತ್ತಂತೆ. ಅವತ್ತು ರಾತ್ರಿ ಊಟದ ಹೊತ್ತಿಗೆ ಮಗಳು ತಲೆ ಬಗ್ಗಿಸಿಕೊಂಡು, “ಅಮ್ಮ, ನೀನು ಸ್ಕೂಲ್ ಹತ್ರ ಬಂದ್ರೆ ಮಾತಾಡ್ಬೇಡ. ಕೈ ಬೀಸು, ಸಾಕು” ಎಂದಳು. ಒಂದು ದಿನ ಒಂದು ಗೇಟಿನ ಮುಂದೆ ನಿಂತು, ಒಳಗೆ ಮಾತಾಡುತ್ತಿರುವುದು ನಾನೇ ಎಂದು ಹೇಳಿ ನೋಡಿದೆ. ಸುಳ್ಳು ಹೇಳ್ಬೇಡ, ಅದು ಗೇಟ್ ಆಂಟಿ ಎಂದು ನಕ್ಕಳು. ನಾನು ಹಟ ಮಾಡಲಿಲ್ಲ. ಆ ಬನ್ನಿ ಗಿನ್ನಿ ಎಲ್ಲ ನನ್ನ ಮಾತೂ ಅಲ್ಲ. ನನಗೆ ಬೇಕಾಗಿದ್ದದ್ದು ಒಂದೇ, ಈ ತಗಡಿನ ದನಿಯಲ್ಲಿ ಮಾತಾಡುವವಳೇ ತನ್ನ ಅಮ್ಮ ಎಂದು ಅವಳಿಗೆ ಒಳಗಿನಿಂದ ಅನ್ನಿಸಬೇಕು. ಅದು ಆಗುತ್ತಿರಲಿಲ್ಲ. ಅವಳು ನನ್ನನ್ನು ಸಹಿಸಿಕೊಳ್ಳುತ್ತಿದ್ದಳು, ಅಷ್ಟೇ.

ಜಕ್ಕೂರು ಕೆರೆಯ ಪಕ್ಕದಲ್ಲಿ ಎದ್ದ ಒಂದು ದೊಡ್ಡ ಅಪಾರ್ಟ್‌ಮೆಂಟು ನಮ್ಮ ಪೆಟ್ಟಿಗೆಗಳನ್ನು ಹಾಕಿಸಿತು. ನಾಲ್ಕು ಗೇಟು. ಕೆರೆಯ ಕಡೆಯ ಹಿಂದಿನ ಗೇಟು ಇನ್ನೂ ಶುರುವಾಗಿರಲಿಲ್ಲ, ಅತ್ತ ಕಡೆಯ ಬ್ಲಾಕಿಗೆ ಜನವೇ ಬಂದಿರಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಹೊಸಬಳು ಇಮೇಜ್ ಕಟ್ಟುವಾಗ ಆ ಗೇಟಿನ ಹೆಸರನ್ನು ಏನೆಂದು ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟಳು. ತಪ್ಪು ಅವಳದಲ್ಲ. ಖಾಲಿ ಬಿಟ್ಟರೆ ತಡೆಯಬೇಕಾಗಿದ್ದದ್ದು ನನ್ನ ಟೆಂಪ್ಲೇಟು. ಅದು ತಡೆಯಲಿಲ್ಲ. ಖಾಲಿ ಹೆಸರನ್ನು ಫಂಕ್ಷನ್‌ಗೆ ಕೊಟ್ಟಿತು, ಫಂಕ್ಷನ್ ಪಟ್ಟಿಯಲ್ಲಿ ಹುಡುಕಿತು, ಸಿಗಲಿಲ್ಲ, ಮೂರನೆಯ ಜಾಗದಲ್ಲಿದ್ದದ್ದನ್ನು ಎತ್ತಿ ಕೊಟ್ಟಿತು.

ಎರಡು ವಾರದ ಮೇಲೆ ಅಲ್ಲಿನ ಮ್ಯಾನೇಜರು ನಮ್ಮ ಬಾಸಿಗೆ ಫೋನು ಮಾಡಿದರು. ಹಿಂದಿನ ಗೇಟಿನ ಪೆಟ್ಟಿಗೆ ಏನೇನೋ ಮಾತಾಡ್ತಿದೆ, ಸೆಕ್ಯೂರಿಟಿಯವರು ಆ ಕಡೆ ಡ್ಯೂಟಿಗೆ ಹೋಗಲು ಒಪ್ಪುತ್ತಿಲ್ಲ, ಸಂಜೆಯೊಳಗೆ ಸರಿಮಾಡಿ ಎಂದರಂತೆ. ಅವತ್ತು ಶನಿವಾರ, ನಾನು ಮನೆಯಲ್ಲಿದ್ದೆ. ಲ್ಯಾಪ್‌ಟಾಪ್ ತೆರೆದು ಆ ಇಮೇಜ್ ಕಟ್ಟಿದಾಗ ಏನೇನಾಯಿತು ಎಂಬ ದಾಖಲೆ ಓದುತ್ತಾ ಹೋದೆ. ಮಧ್ಯದಲ್ಲೊಂದು ಸಾಲಿನಲ್ಲಿ ಟೆಸ್ಟ್ ಎಂದಿತ್ತು. ಆ ಗೇಟು ಏನು ಮಾತಾಡುತ್ತಿದೆ ಎಂದು ಇಡೀ ಬೆಂಗಳೂರಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಫೈಲು ಅಲ್ಲೇ ಇತ್ತು, ಒಂದು ಸಲ ಒತ್ತಿದರೆ ಕೇಳಬಹುದಿತ್ತು. ಒತ್ತಲಿಲ್ಲ. ಮನೆಯಲ್ಲಿ ಮಾತಾಡುತ್ತಿದ್ದ ರೀತಿಯಲ್ಲಿ ನಾನು ಮಾತಾಡಿದ್ದು ಜಗತ್ತಿನಲ್ಲಿ ಉಳಿದಿದ್ದದ್ದು ಅದೊಂದೇ. ಮಗಳಿಗೆ ಕೇಳಿಸಲೇ ಎಂದು ಬಹಳ ಹೊತ್ತು ಯೋಚಿಸಿದೆ. ಕೇಳಿಸಿದರೆ ಅವಳು ಅದನ್ನೇ ಹಿಡಿದುಕೊಳ್ಳುತ್ತಾಳೆ, ನಾನು ಮತ್ತೆ ಪಕ್ಕದಲ್ಲಿ ಕೂತು ನೋಡಬೇಕು. ಬಚ್ಚಿಡುವುದೇಕೆ, ನನ್ನ ದನಿಯ ಮೇಲೇ ನನಗೆ ಹೊಟ್ಟೆಕಿಚ್ಚಿತ್ತು. ಹಾಳಾಗಿ ಹೋಗಲಿ ಎಂದು ಫೈಲನ್ನು ಅಳಿಸಿದೆ. ಫಂಕ್ಷನ್ನಿನ ಮೂರನೆಯ ಜಾಗವನ್ನು ಕಿತ್ತುಹಾಕಿದೆ. ಗೇಟಿನ ಹೆಸರು ಖಾಲಿಯಿದ್ದರೆ ಇಮೇಜ್ ಕಟ್ಟುವುದನ್ನೇ ನಿಲ್ಲಿಸಬೇಕೆಂದು ಆ ವೇರಿಯಬಲ್ಲಿಗೆ ಷರತ್ತು ಬರೆದೆ. ಹೊಸ ಇಮೇಜನ್ನು ಒಂದು ಮೆಮೊರಿ ಕಾರ್ಡಿಗೆ ಇಳಿಸಿಕೊಂಡೆ. ಹಿಂದಿನ ಗೇಟಿಗೆ ಇನ್ನೂ ಇಂಟರ್ನೆಟ್ ತಂತಿ ಬಂದಿರಲಿಲ್ಲ, ಹೋಗಿಯೇ ಕಾರ್ಡ್ ಬದಲಿಸಬೇಕಿತ್ತು.

ಗಂಡ ಶಿಫ್ಟಿಗೆ ಹೋಗಿದ್ದ, ಪಕ್ಕದ ಮನೆಗೆ ಬೀಗ. ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟೆ. ದೂರದಲ್ಲೇ ಅವಳನ್ನು ನಿಲ್ಲಿಸಿ, ಮೊದಲು ವಿದ್ಯುತ್ ತೆಗೆದು ಪೆಟ್ಟಿಗೆಯ ಬಾಯಿ ಮುಚ್ಚಿಸುವುದು, ಆಮೇಲೆ ಮುಂದಿನ ಕೆಲಸ ಎಂದು ಲೆಕ್ಕ ಹಾಕಿಕೊಂಡಿದ್ದೆ.

ಮುಂದಿನ ಗೇಟಿನಲ್ಲಿ ಒಬ್ಬ ವಯಸ್ಸಾದ ಸೆಕ್ಯೂರಿಟಿ ನಮಗೆ ಜೊತೆಯಾದರು. ಮಾತಿನಲ್ಲೇ ತಿಳಿಯಿತು, ಕೊಪ್ಪಳದ ಕಡೆಯವರು. ನಾನು ಕಾಕಾ ಎಂದೆ. ನನ್ನ ದನಿ ಕೇಳಿ ಒಂದು ಕ್ಷಣ ನೋಡಿದರು, ಆದರೆ ಕಷಾಯದ ವಿಷಯ ತೆಗೆಯಲಿಲ್ಲ. ಕಾಂಪೌಂಡಿನ ಪಕ್ಕದ ದಾರಿಯಲ್ಲಿ ನಡೆದೆವು. ಬಲಗಡೆ ಖಾಲಿ ಬ್ಲಾಕು, ಪರದೆಯಿಲ್ಲದ ಕಿಟಕಿಗಳು, ಗಾಜಿಗೆ ಹಚ್ಚಿದ ಸುಣ್ಣದ ಗುರುತು ಇನ್ನೂ ಹಾಗೇ ಇತ್ತು. ಎಡಗಡೆ ಗೋಡೆಯಾಚೆ ಕೆರೆ. ಫ್ಲೈಯಿಂಗ್ ಕ್ಲಬ್ಬಿನ ಒಂದು ಪುಟ್ಟ ವಿಮಾನ ಸುತ್ತು ಹೊಡೆದು ಇಳಿಯಿತು. ಆ ಸದ್ದು ನಿಂತ ಮೇಲೆ ಅಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ಕಾಕಾ ನಡೆಯುತ್ತಲೇ ಹೇಳಿದರು. ಮೊದಲ ಸಲ ಕೇಳಿದವನು ಬಿಹಾರದ ಹುಡುಗ, ಅವನಿಗೆ ಮಾತು ತಿಳಿಯಲಿಲ್ಲ, ಹೆಂಗಸು ಅಳುತ್ತಿದ್ದಾಳೆ ಎಂದು ಓಡಿಬಂದ. ಆಮೇಲೆ ಇವರೇ ಹೋಗಿ ನಿಂತು ಕೇಳಿದರು. ಎದುರು ಯಾರು ನಿಂತರೂ ಅದು ಅದೇ ಮಾತು ಹೇಳುತ್ತದೆ, ಒಮ್ಮೊಮ್ಮೆ ಯಾರೂ ಇಲ್ಲದಾಗಲೂ, ಹಕ್ಕಿ ಹಾರಿಹೋದರೂ ಹೇಳುತ್ತದೆ. ಈ ಕಟ್ಟಡ ಕಟ್ಟುವಾಗ ತಮ್ಮ ಕಡೆಯಿಂದ ಬಹಳ ಮಂದಿ ಗಂಡ ಹೆಂಡತಿ ಬಂದಿದ್ದರು, ಶೆಡ್ಡುಗಳಿದ್ದದ್ದು ಇದೇ ಗೇಟಿನ ಹತ್ತಿರ. ಅವರಲ್ಲಿ ಯಾರಿಗೆ ಏನಾಯಿತೋ ಯಾರು ಬರೆದಿಟ್ಟಿದ್ದಾರೆ. ಇಷ್ಟು ಹೇಳಿ ಒಂದು ತಿರುವಿನಲ್ಲಿ ನಿಂತುಬಿಟ್ಟರು.

“ನಮ್ಮ ಕಡೆ ಹೆಣ್ಮಗಳು ಅದಾಳವ್ವ. ಹಸ್ಗೊಂಡು ಹೋಗ್ಯಾಳ. ಬಾಯಿ ಮುಚ್ಚಸಬ್ಯಾಡ, ಹೆಂಗರ ಮಾಡಿ ಆಕಿನ್ನ ಮನಿಗೆ ಕಳಸು.”

ಅವರ ಕಣ್ಣಲ್ಲಿ ನೀರಿತ್ತು. ಆ ಹೊತ್ತಿನಲ್ಲೇ ಪಕ್ಕದಲ್ಲಿ ಮಗಳಿಲ್ಲ ಎಂಬುದು ಗೊತ್ತಾಯಿತು. ಅವಳು ತಿರುವು ದಾಟಿ ಓಡಿದ್ದಳು. ಮಕ್ಕಳನ್ನು ಹೆಸರು ಹಿಡಿದು ಕೂಗಿ ನಿಲ್ಲಿಸುವ ತಾಯಂದಿರು ಪುಣ್ಯವಂತರು. ನಾನು ಹಿಂದೆ ಓಡಿದೆ.

“ಸಾಕಾತ್ರೀ ನನಗ. ಹಸಿವಿ ಆಗೇತಿ. ನಡೀರಿ, ಮನಿಗೆ ಹೋಗೂಣು.”

ಕಾಲು ಅಲ್ಲೇ ನಿಂತುಹೋಯಿತು. ಎಷ್ಟು ತುಂಬಿದ ದನಿ ಅದು, ಎಷ್ಟು ಸಲೀಸು. ಸತ್ತವಳೊಬ್ಬಳು ಮಾತಾಡಿದರೆ ಹೀಗೇ ಕೇಳಿಸುತ್ತದೆ ಎಂದು ಅನ್ನಿಸಿತು, ಸತ್ತವಳು ನಾನೇ ಎಂದೂ ಅನ್ನಿಸಿತು. ಪೆಟ್ಟಿಗೆಗೆ ಕುಂಕುಮ ಹಚ್ಚಿದ್ದರು, ಮೇಲೊಂದು ನಿಂಬೆಹಣ್ಣು. ಕೆಳಗೆ ನೆಲದ ಮೇಲೆ ಬಾಳೆಲೆ ಹಾಸಿ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಬದಿಯಲ್ಲಿ ನೀರಿನ ತಂಬಿಗೆ. ಸತ್ತವರಿಗೆ ಇಡುವ ಎಡೆ. ಊದಿನಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು. ಹಸಿವು ಎಂದಳಲ್ಲ, ಡ್ಯೂಟಿಗೆ ಒಲ್ಲೆ ಎಂದ ಸೆಕ್ಯೂರಿಟಿಯವರೇ ಸೇರಿ ದಿನಾ ತಮ್ಮ ಡಬ್ಬಿಯಿಂದ ತೆಗೆದು, ಹಗಲಲ್ಲಿ ಬಂದು ಇಟ್ಟು ಓಡಿಹೋಗುತ್ತಿದ್ದರಂತೆ.

ಮಗಳು ಎಡೆಯ ಮುಂದೆ ನಿಂತು ಪೆಟ್ಟಿಗೆಯ ಜೊತೆ ಮಾತಾಡುತ್ತಿದ್ದಳು. ಊಟ ಇಲ್ಲೇ ಇದೆಯಲ್ಲ, ತಿನ್ನು ಎನ್ನುತ್ತಿದ್ದಳು. ಅವಳು ಅಲುಗಿದಾಗಲೆಲ್ಲ ಪೆಟ್ಟಿಗೆ ಮತ್ತೆ ಹಸಿವಿ ಆಗೇತಿ ಎನ್ನುತ್ತಿತ್ತು. ನನ್ನನ್ನು ಕಂಡು ತಿರುಗಿದಳು.

“ಅಮ್ಮ, ಗೇಟ್ ಆಂಟಿಗೆ ಕೈ ಇಲ್ಲ, ತಿನ್ನೋಕಾಗ್ತಿಲ್ಲ. ನಮ್ಮನೆ ತರಾನೇ ಮಾತಾಡ್ತಾಳೆ ನೋಡು. ಕರ್ಕೊಂಡು ಹೋಗೋಣ.”

ಅದು ನಾನೇ ಎಂದೆ. ಸುಳ್ಳು ಎಂದಳು. ನಿನ್ನ ಹೊತ್ತಾಗ ನಾನು ಹೀಗೇ ಮಾತಾಡುತ್ತಿದ್ದೆ, ಅಪ್ಪನನ್ನು ಕೇಳು ಎಂದೆ. ಅವಳು ನನ್ನ ಕಡೆ ನೋಡದೆ ಪೆಟ್ಟಿಗೆಯ ಮೇಲೆ ಕೈಯಿಟ್ಟು ಸವರಿದಳು. ಅಷ್ಟರಲ್ಲಿ ಕಾಕಾ ಹೇಗೋ ಧೈರ್ಯ ಮಾಡಿ ತಿರುವಿನವರೆಗೆ ಬಂದು ನಿಂತಿದ್ದರು. ಅವರಿಗೂ ಹೇಳಿದೆ: ಕಾಕಾ, ಯಾರೂ ಸತ್ತಿಲ್ಲ, ಇದು ನನ್ನ ದನಿ, ಕೆಲಸದಲ್ಲಿ ಆದ ತಪ್ಪು. ಅವರು ನನ್ನ ಒಡಕು ದನಿಯನ್ನೂ ಪೆಟ್ಟಿಗೆಯ ದನಿಯನ್ನೂ ಕೇಳಿ, ನನ್ನ ಮೇಲೆ ಮರುಕಪಟ್ಟು ನೆಲ ನೋಡಿದರು. ಇಬ್ಬರಿಗೂ ಆ ಪೆಟ್ಟಿಗೆ ಹೆಂಗಸು, ನಾನು ಯಾರೋ.

ನನಗೆ ತಲೆ ಕೆಟ್ಟಿತು. ಚಪ್ಪಲಿ ಬಿಟ್ಟು, ಬಾಳೆಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ರೊಟ್ಟಿ ಮುರಿದೆ.

“ಎಡೀ ಅದು, ಮುಟ್ಟಬಾರದವ್ವ” ಎಂದು ಕಾಕಾ ಹಿಂದೆ ಸರಿದರು. ನಾನು ತಿಂದೆ. ಮೊದಲ ತುತ್ತು ಹಟಕ್ಕೆ. ಎರಡನೆಯ ತುತ್ತಿಗೆ ನಿಜವಾಗಿಯೂ ಹಸಿವಾಯಿತು. ಅದು ಅವತ್ತು ಮಧ್ಯಾಹ್ನ ಉಣ್ಣದ ಹಸಿವು ಅಷ್ಟೇ ಅಲ್ಲ, ನನಗೆ ಗೊತ್ತು. ಮಗಳು ನಿಂತೇ ಇದ್ದುದರಿಂದ ತಲೆಯ ಮೇಲೆ ನನ್ನ ದನಿ ಹಸಿವು ಹಸಿವು ಎನ್ನುತ್ತಲೇ ಇತ್ತು, ಕೆಳಗೆ ನನ್ನ ಬಾಯಿ ತಿನ್ನುತ್ತಲೇ ಇತ್ತು. ಇವೆರಡರ ಮಧ್ಯೆ ನಾನು ಎಲ್ಲಿದ್ದೇನೆ ಎಂದು ನನಗೇ ಹೆದರಿಕೆಯಾಯಿತು. ಚಟ್ನಿಯ ಖಾರಕ್ಕೋ ಏನೋ ಕಣ್ಣಲ್ಲಿ ನೀರು ಸುರಿಯಿತು. ಒರೆಸಿಕೊಳ್ಳದೆ ಎರಡೂ ರೊಟ್ಟಿ ಮುಗಿಸಿದೆ, ಎಲೆಯಲ್ಲಿ ಒಂದು ಚೂರೂ ಬಿಡಲಿಲ್ಲ.

ಕಾಕಾ ಕೈ ಮುಗಿದು ನಿಂತಿದ್ದರು. ಪೆಟ್ಟಿಗೆಗಲ್ಲ, ನನಗೆ. ಅವರ ಮುಖ ನೋಡಿದರೆ ತಿಳಿಯುತ್ತಿತ್ತು, ಎಡೆ ಉಣ್ಣಲು ಬಂದವಳು ಬಂದಳು ಎಂದೇ ಅವರು ನಂಬಿದ್ದರು. ನಾನು ಬದುಕಿದ್ದೇನೆ ಎಂದು ಅವರಿಗೆ ತೋರಿಸಲು ಹೊರಟವಳು ಅದಕ್ಕೆ ತದ್ವಿರುದ್ಧವಾದದ್ದನ್ನು ತೋರಿಸಿದ್ದೆ.

ಮಗಳು ಮೆಲ್ಲಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಈಗ ಎದುರು ಯಾರೂ ನಿಂತಿರಲಿಲ್ಲ, ನೆಲದಲ್ಲಿ ಕೂತ ನಾವು ಪೆಟ್ಟಿಗೆಯ ಕಣ್ಣಿಗೆ ಕಾಣಲಿಲ್ಲ, ಅದು ಸುಮ್ಮನಾಯಿತು. ಅವಳು ಪೆಟ್ಟಿಗೆಯನ್ನು ನೋಡಿದಳು. ಮತ್ತೆ ಹಸಿವು ಎನ್ನುತ್ತದೇನೋ ಎಂದು ಕಾದಳು. ಎನ್ನಲಿಲ್ಲ. ಖಾಲಿ ಎಲೆಯನ್ನು ನೋಡಿದಳು, ಆಮೇಲೆ ನನ್ನ ಬಾಯನ್ನು. ಬಹಳ ಹೊತ್ತು ನೋಡಿದಳು. ಗಲ್ಲಕ್ಕೆ ಅಂಟಿದ್ದ ಚಟ್ನಿಯನ್ನು ತನ್ನ ಫ್ರಾಕಿನ ಅಂಚಿನಿಂದ ಒರೆಸಿದಳು. ಬೇರೆ ಯಾರಿಗೂ ಕೇಳಬಾರದು ಎಂಬಂತೆ ಹತ್ತಿರ ಬಗ್ಗಿದಳು.

“ಅಮ್ಮಾ, ಇಷ್ಟು ದಿನ ಇಲ್ಲಿದ್ಯಾ? ಮನೆಗೆ ಯಾಕೆ ಬರ್ಲಿಲ್ಲ?”

ನಾಲ್ಕು ವರ್ಷ ಅವಳ ಮಗ್ಗುಲಲ್ಲೇ ಮಲಗಿದವಳು ನಾನು. ಅವಳಿಗೆ ತಲೆ ಬಾಚಿದವಳು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದವಳು. ಅದನ್ನೆಲ್ಲ ಹೇಳಲು ಹೊರಟೆ, ಆದರೆ ಅವಳು ಕೇಳಿದ್ದು ಸರಿಯಾಗಿಯೇ ಇತ್ತು.

“ಈಗ ಬಂದೆ” ಎಂದೆ. ಅದೇ ತಗಡಿನ ದನಿ. ಅವಳು ಹೂಂ ಎಂದು ತಲೆಯಾಡಿಸಿ, ಎರಡೂ ಕೈಯಲ್ಲಿ ತಂಬಿಗೆ ಎತ್ತಿ, ನನ್ನ ಎಂಜಲು ಕೈಗೆ ನೀರು ಹಾಕಿದಳು.